ಕುಡಿದು ಗಾಡಿ ನಡಿಸುವದನ್ನೂ ಮರುದಿನದ ಬೆಳಗನ್ನೂ ಕುರಿತ ಪಾಠ



ನಮ್ಮ ಹಿರಿಯರ ಕಾಲದಲ್ಲಿ ಸಂತೆಗೆ ಹೋದವನೊಬ್ಬನು ಸಾಯಂಕಾಲ ಸಾರಾಯಿ ಅಂಗಡಿಯಲ್ಲಿ ಕೂತು ಕಾಲು ನಿಲ್ಲದಷ್ಟು ಕುಡಿದು, ಎತ್ತಿನ ಗಾಡಿಯೊಳಗೆ ಹುಲ್ಲಿನ ಮೇಲೆ ಬಿದ್ದುಕೊಂಡರೂ, ಬೆಳಗಾಗುವಷ್ಟರಲ್ಲಿ ತನ್ನ ಮನೆಯ ಬಾಗಿಲಲ್ಲಿರುತ್ತಿದ್ದನು. ಅವನನ್ನು ಕರತಂದದ್ದು ಅವನ ಬುದ್ಧಿಯಲ್ಲ, ಎತ್ತುಗಳ ಬುದ್ಧಿ. ಎತ್ತು ಕುಡಿಯುವದಿಲ್ಲ, ಅದಕ್ಕೆ ಊರಿನ ದಾರಿ ಗೊತ್ತುಂಟು, ಹಳ್ಳ ಬಂದರೆ ನಿಲ್ಲುವದು, ಎದುರಿಗೆ ಮಗು ಬಂದರೆ ಬದಿಗೆ ಸರಿಯುವದು. ಹೀಗೆ ಕುಡಿದ ಯಜಮಾನನಿಗೆ ಕುಡಿಯದ ಎರಡು ತಲೆಗಳು ಸಹಾಯಕ್ಕಿದ್ದವು. ಆ ಕುಡಿತವು ಒಳ್ಳೆಯದಾಗಿತ್ತೆಂದು ನಾನು ಹೇಳುವದಿಲ್ಲ. ಅದರಿಂದ ಎಷ್ಟೋ ಮನೆಗಳು ಹಾಳಾದವು. ಆದರೆ ದಾರಿಯಲ್ಲಿ ಹೋಗುವ ಪರರ ಪ್ರಾಣಕ್ಕೆ ಅದರಿಂದ ಅಪಾಯ ಬರುವದು ಅಪರೂಪವಾಗಿತ್ತು.

ಈಗ ಹಾಗಲ್ಲ. ಮೋಟಾರು ಸೈಕಲ್ಲಿಗೆ ಕಣ್ಣಿಲ್ಲ, ಟ್ರ್ಯಾಕ್ಟರಿಗೆ ಭಯವಿಲ್ಲ, ಲಾರಿಗೆ ಮನೆಯ ದಾರಿ ಗೊತ್ತಿಲ್ಲ. ನಡಿಸುವವನ ತಲೆಯೊಂದೇ ಅವುಗಳ ತಲೆ. ಇದಲ್ಲದೆ, ಎತ್ತಿನ ಗಾಡಿಯು ಒಂದು ಸೆಕೆಂಡಿನಲ್ಲಿ ಹೆಚ್ಚೆಂದರೆ ಒಂದು ಗಜ ಹೋಗುವದು. ಗಂಟೆಗೆ ೬೦ ಕಿಲೋಮೀಟರ್ ಓಡುವ ಮೋಟಾರು ಸೈಕಲ್ಲು ಅದೇ ಸೆಕೆಂಡಿನಲ್ಲಿ ಸುಮಾರು ೧೭ ಮೀಟರ್ ಹೋಗುವದು. ಬ್ರೇಕು ಹಿಡಿಯುವದಕ್ಕೆ ಅರ್ಧ ಸೆಕೆಂಡು ತಡವಾದರೆ ಎಂಟು ಮೀಟರ್ ದಾಟಿರುವದು. ಆ ಎಂಟು ಮೀಟರಿನೊಳಗೆ ಯಾರು ನಿಂತಿದ್ದಾರೆಂಬದೇ ಪ್ರಶ್ನೆ.

ನಮ್ಮ ಜಿಲ್ಲೆಯು ದೊಡ್ಡ ದಾರಿಗಳ ಜಿಲ್ಲೆ. ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ೪೮ನೆಯ ರಾಷ್ಟ್ರೀಯ ಹೆದ್ದಾರಿಯು ಹಿರಿಯೂರು, ಚಿತ್ರದುರ್ಗಗಳನ್ನು ಮುಟ್ಟಿ ಹೋಗುತ್ತದೆ. ಚಿತ್ರದುರ್ಗದಿಂದ ಹೊಳಲ್ಕೆರೆಯ ಮೇಲೆ ಶಿವಮೊಗ್ಗದ ದಾರಿ ಹೊರಡುತ್ತದೆ. ಹೊಸದುರ್ಗದ ತೆಂಗಿನಕಾಯಿಯೂ ಭೀಮಸಮುದ್ರದ ಅಡಿಕೆಯೂ ಹಿರಿಯೂರು ಸೀಮೆಯ ಈರುಳ್ಳಿಯೂ ಚಕ್ರದ ಮೇಲೆಯೇ ಪೇಟೆಗೆ ಹೋಗತಕ್ಕವು. ಅವು ಹೊರಡುವದು ಹೆಚ್ಚಾಗಿ ಬೆಳಗಿನ ಜಾವದಲ್ಲಿ. ಆದಕಾರಣ ರಾತ್ರಿ ಕುಡಿದು ಗಾಡಿ ನಡಿಸುವವನ ವಿಷಯವಾಗಿ ಮಾತ್ರವಲ್ಲ, ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ತಾನು ಶುದ್ಧನಾದೆನೆಂದು ನೆನಸಿ ಗಾಡಿ ಹತ್ತುವವನ ವಿಷಯವಾಗಿ ಈ ಪಾಠದಲ್ಲಿ ಹೆಚ್ಚಾಗಿ ಹೇಳಬೇಕೆಂದಿದ್ದೇನೆ. ಮೊದಲನೆಯವನನ್ನು ಎಲ್ಲರೂ ಬಲ್ಲರು, ಅವನ ಕೈಯಿಂದ ಬೀಗದಕೈ ಕಿತ್ತುಕೊಳ್ಳುವವರೂ ಇರುವರು. ಎರಡನೆಯವನನ್ನು ಯಾರೂ ತಡೆಯುವದಿಲ್ಲ, ಯಾಕಂದರೆ ಅವನೂ ಅರಿಯನು, ನೋಡುವವರೂ ಅರಿಯರು.

೧. ಬೆಳಗಿನ ಮನುಷ್ಯನು

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ರೈತನಿದ್ದಾನೆ. ಅವನು ಕುಡುಕನೆಂದು ಹೆಸರಾದವನಲ್ಲ. ಹಬ್ಬಕ್ಕೋ ಬೀಗರೂಟಕ್ಕೋ ಮಾತ್ರ ಕುಡಿಯುವವನು. ಒಂದು ರಾತ್ರಿ ಬೀಗರೂಟದಲ್ಲಿ ಸ್ನೇಹಿತರ ಸಂಗಡ ಕೂತು ಒಂದು ಕ್ವಾರ್ಟರು, ಅಂದರೆ ೧೮೦ ಮಿಲಿಲೀಟರ್ ವಿಸ್ಕಿ ಕುಡಿದನು. ೧೧ ಗಂಟೆಗೆ ಮುಗಿಸಿದನು. ಆ ರಾತ್ರಿ ಅವನು ಬುದ್ಧಿವಂತನೇ. ಗಾಡಿ ಮುಟ್ಟದೆ ನಡೆದು ಮನೆಗೆ ಬಂದು ಮಲಗಿದನು.

ಬೆಳಿಗ್ಗೆ ೫ ಗಂಟೆಗೆ ಎದ್ದನು. ಆ ದಿನ ಅವನ ಮಗಳಿಗೆ ಚಿತ್ರದುರ್ಗದಲ್ಲಿ ಪರೀಕ್ಷೆ. ತಣ್ಣೀರು ಸ್ನಾನ ಮಾಡಿ, ಎರಡು ಲೋಟ ಕಾಫಿ ಕುಡಿದು, ೬ ಗಂಟೆಗೆ ಮೋಟಾರು ಸೈಕಲ್ಲನ್ನು ಹೊರಗೆ ತಂದನು. ಹೆಂಡತಿಯು, ಏನ್ರೀ, ರಾತ್ರಿಯದು ಇಳಿದಿದೆಯೇ ಎಂದು ಕೇಳಿದಳು. ಅವನು, ಒಂದು ನಿದ್ದೆ ಮುಗಿಸಿ ಎದ್ದಿದ್ದೇನೆ, ಇನ್ನೇನು ಇಳಿಯಬೇಕು ಎಂದನು. ಮಗಳು ಪುಸ್ತಕದ ಚೀಲ ಹಿಡಿದು ಹಿಂದೆ ಕೂತಳು.

ಪ್ರಿಯರೇ, ಆ ಮನುಷ್ಯನು ಸುಳ್ಳು ಹೇಳಲಿಲ್ಲ. ತನಗೆ ತೋರಿದ್ದನ್ನೇ ಹೇಳಿದನು. ಆದರೆ ಅವನು ಹೇಳಿದ್ದು ಸತ್ಯವಾಗಿತ್ತೋ? ಇದನ್ನು ತಿಳಿಯಬೇಕಾದರೆ ಅವನ ಮಾತನ್ನು ಬಿಟ್ಟು ಅವನ ರಕ್ತವನ್ನು ವಿಚಾರಿಸಬೇಕು.

೨. ದೇಹದೊಳಗೆ ನಡೆಯುವ ಕೆಲಸ

ಮದ್ಯದಲ್ಲಿ ಅಮಲೇರಿಸುವ ವಸ್ತುವಿಗೆ ಮದ್ಯಸಾರವೆಂದು ಹೆಸರು. ಅದು ಅನ್ನದ ಹಾಗೆ ಜೀರ್ಣವಾಗುವ ತನಕ ಕಾಯುವದಿಲ್ಲ. ಹೊಟ್ಟೆಯಿಂದಲೂ ಸಣ್ಣ ಕರುಳಿನಿಂದಲೂ ನೆಟ್ಟಗೆ ರಕ್ತಕ್ಕೆ ಸೇರಿ, ರಕ್ತದ ಸಂಗಡ ಮೆದುಳಿಗೆ ಹೋಗುವದು. ಅಲ್ಲಿ ಅದು ಕೈಕಾಲುಗಳನ್ನು ಕೆಡಿಸುವದಕ್ಕೆ ಮುಂಚೆ ವಿವೇಕವನ್ನು ಕೆಡಿಸುವದು. ಕಾಲು ತಡವರಿಸುವದಕ್ಕಿಂತ ಬಹಳ ಮುಂಚೆಯೇ, ಇದು ಅಪಾಯ, ಇದನ್ನು ಮಾಡಬೇಡ ಎಂದು ಹೇಳುವ ಒಳಗಿನ ಮಾತು ಮಂಕಾಗಿರುವದು. ಆದದರಿಂದ ಕುಡಿದವನು, ನಾನು ಸರಿಯಾಗಿದ್ದೇನೆ ಎಂದು ಹೇಳುವದಕ್ಕೆ ಬೆಲೆಯಿಲ್ಲ. ತಕ್ಕಡಿಯೇ ಕೆಟ್ಟ ಮೇಲೆ ಅದರಲ್ಲಿ ತೂಗಿದ ತೂಕವನ್ನು ಯಾರು ನಂಬುವರು?

ರಕ್ತಕ್ಕೆ ಸೇರಿದ ಮದ್ಯಸಾರವು ಹೊರಗೆ ಹೋಗುವ ಬಗೆ ಹೇಗಂದರೆ, ಅದರ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚನ್ನು ಯಕೃತ್ತು, ಅಂದರೆ ಲಿವರು, ಸ್ವಲ್ಪಸ್ವಲ್ಪವಾಗಿ ಕರಗಿಸುವದು. ಉಳಿದ ಅಲ್ಪ ಭಾಗವು ಉಸಿರು, ಮೂತ್ರ, ಬೆವರುಗಳ ಮೂಲಕ ಹೋಗುವದು. ಯಕೃತ್ತಿನ ಈ ಕೆಲಸವು ಕೆರೆಯ ತೂಬಿನ ಹಾಗಿದೆ. ಕೆರೆ ಎಷ್ಟೇ ತುಂಬಿರಲಿ, ತೂಬಿನ ಬಾಯಿ ಇದ್ದಷ್ಟೇ ಇರುವದು. ದಡದಲ್ಲಿ ನಿಂತು ಅವಸರಪಟ್ಟರೆ ನೀರು ಬೇಗ ಇಳಿಯುವದಿಲ್ಲ.

ಆದರೂ ನಮ್ಮ ಜನರು ಅವಸರಕ್ಕೆ ಅನೇಕ ಉಪಾಯಗಳನ್ನು ನಂಬಿಕೊಂಡಿದ್ದಾರೆ. ಅವುಗಳನ್ನು ಒಂದೊಂದಾಗಿ ನೋಡೋಣ.

ತಣ್ಣೀರು ಸ್ನಾನವು ಚರ್ಮಕ್ಕೆ ತಾಕುವದು, ರಕ್ತದೊಳಗಿನ ಮದ್ಯಸಾರಕ್ಕೆ ತಾಕುವದಿಲ್ಲ. ಕಾಫಿಯು ನಿದ್ದೆಯನ್ನು ಓಡಿಸೀತು, ಅಮಲನ್ನು ಓಡಿಸಲಾರದು. ತೂಕಡಿಸುತ್ತಿದ್ದ ಕುಡುಕನು ಕಣ್ಣು ಬಿಟ್ಟ ಕುಡುಕನಾಗುವನು, ಅಷ್ಟೇ. ನಿಂಬೆಹಣ್ಣಿನ ರಸ, ಮಜ್ಜಿಗೆ, ಎಳನೀರು ಇವು ಬಾಯಾರಿಕೆಗೆ ಹಿತವೇ ಹೊರತು ಯಕೃತ್ತಿಗೆ ಎರಡು ಕೈ ಹೆಚ್ಚಾಗಿ ಕೊಡುವದಿಲ್ಲ. ವಾಂತಿ ಮಾಡಿದರೆ ಹೊಟ್ಟೆಯಲ್ಲಿ ಉಳಿದಿದ್ದದ್ದು ಮಾತ್ರ ಹೋಗುವದು. ರಕ್ತಕ್ಕೆ ಸೇರಿದ್ದು ಹೋಗುವದಿಲ್ಲ. ಮೈಮುರಿದು ಕೆಲಸ ಮಾಡಿ ಬೆವರಿದರೂ ಹೋಗುವ ಪಾಲು ಬಹು ಸ್ವಲ್ಪ. ನಿದ್ದೆಯಾದರೋ? ನಿದ್ದೆಯಲ್ಲಿ ಯಕೃತ್ತು ಎಚ್ಚರದಲ್ಲಿ ಮಾಡುವಷ್ಟೇ ಕೆಲಸವನ್ನು ಮಾಡುವದು, ಹೆಚ್ಚು ಮಾಡುವದಿಲ್ಲ. ನಿದ್ದೆಯು ಕಳೆಯುವದು ಹೊತ್ತನ್ನು; ಮದ್ಯಸಾರವನ್ನು ಕಳೆಯತಕ್ಕದ್ದು ಆ ಹೊತ್ತೇ.

೩. ಹೊತ್ತಿನ ಲೆಕ್ಕ

ಈಗ ನಮ್ಮ ರೈತನ ಲೆಕ್ಕವನ್ನು ಹಾಕೋಣ. ಲೆಕ್ಕ ಬಲ್ಲ ಹುಡುಗರು ಇದನ್ನು ಹಲಗೆಯ ಮೇಲೆ ಬರೆದು ಮನೆಯವರಿಗೆ ತೋರಿಸಲಿ.

ನಮ್ಮ ದೇಶದ ವಿಸ್ಕಿ, ಬ್ರಾಂದಿ, ರಮ್ಮುಗಳ ಸೀಸೆಯ ಮೇಲೆ ಸಾಧಾರಣವಾಗಿ ನೂರಕ್ಕೆ ೪೨.೮ ಪಾಲು ಮದ್ಯಸಾರವೆಂದು ಅಚ್ಚಾಗಿರುವದು. ಹಾಗಾದರೆ ೧೮೦ ಮಿಲಿಲೀಟರಿನಲ್ಲಿ ಸುಮಾರು ೭೭ ಮಿಲಿಲೀಟರ್, ತೂಕದಲ್ಲಿ ಸುಮಾರು ೬೦ ಗ್ರಾಮ್ ಮದ್ಯಸಾರವಿದೆ. ೬೦ ಕಿಲೋ ತೂಕದ ಒಬ್ಬ ಗಂಡಸು ಇದನ್ನು ಕುಡಿದರೆ, ಅವನ ಪ್ರತಿ ೧೦೦ ಮಿಲಿಲೀಟರ್ ರಕ್ತದಲ್ಲಿ ಹೆಚ್ಚುಕಡಿಮೆ ೧೫೦ ಮಿಲಿಗ್ರಾಮ್ ಮದ್ಯಸಾರ ಸೇರುವದು. ಯಕೃತ್ತು ಇದನ್ನು ಗಂಟೆಗೆ ಸಾಧಾರಣವಾಗಿ ೧೫ ಮಿಲಿಗ್ರಾಮಿನಂತೆ ಇಳಿಸುವದು. ಕೆಲವರಲ್ಲಿ ಗಂಟೆಗೆ ೧೦ ಮಾತ್ರ.

ನಮ್ಮ ರೈತನು ಮುಗಿಸಿದ್ದು ರಾತ್ರಿ ೧೧ ಗಂಟೆಗೆ, ಗಾಡಿ ಹತ್ತಿದ್ದು ಬೆಳಿಗ್ಗೆ ೬ಕ್ಕೆ. ನಡುವೆ ಕಳೆದದ್ದು ೭ ಗಂಟೆ. ಏಳನ್ನು ಹದಿನೈದರಿಂದ ಗುಣಿಸಿದರೆ ೧೦೫. ನೂರೈವತ್ತರಲ್ಲಿ ನೂರೈದು ಕಳೆದರೆ ಉಳಿಯುವದು ೪೫. ನಮ್ಮ ದೇಶದ ಕಾನೂನು ಒಪ್ಪುವ ಮೇರೆಯು ೩೦. ಹಾಗಾದರೆ ಸ್ನಾನ ಮಾಡಿ, ಕಾಫಿ ಕುಡಿದು, ಮಗಳನ್ನು ಹಿಂದೆ ಕೂರಿಸಿಕೊಂಡ ಆ ತಂದೆಯು ಕಾನೂನಿನ ಕಣ್ಣಿಗೆ ಇನ್ನೂ ಕುಡಿದು ಗಾಡಿ ನಡಿಸುವವನೇ. ಅವನ ಯಕೃತ್ತು ನಿಧಾನದ್ದಾಗಿದ್ದರೆ ಉಳಿದದ್ದು ೪೫ ಅಲ್ಲ, ೮೦. ರಕ್ತವು ಪೂರ್ತಿಯಾಗಿ ತೆರವಾಗುವದಕ್ಕೆ ಮೊದಲನೆಯ ಲೆಕ್ಕದ ಪ್ರಕಾರ ೧೦ ಗಂಟೆ, ಅಂದರೆ ಬೆಳಿಗ್ಗೆ ೯. ಎರಡನೆಯದರ ಪ್ರಕಾರ ೧೫ ಗಂಟೆ, ಅಂದರೆ ಮಧ್ಯಾಹ್ನ ೨. ಒಂದು ಕ್ವಾರ್ಟರಿನ ಬದಲು ಎರಡು ಕುಡಿದಿದ್ದರೆ ಮರುದಿನ ಸಾಯಂಕಾಲವೂ ಸಾಲದು.

ಸಣ್ಣ ಅಳತೆಯೂ ಸಣ್ಣದಲ್ಲ. ೯೦ ಮಿಲಿಲೀಟರಿನ ಒಂದು ಪ್ಯಾಕೆಟ್ಟು ಅದೇ ಮನುಷ್ಯನನ್ನು ಸುಮಾರು ೭೫ಕ್ಕೆ ಏರಿಸುವದು. ಅದು ಪೂರ್ತಿ ಇಳಿಯುವದಕ್ಕೆ ೫ ಗಂಟೆಯಾದರೂ ಬೇಕು. ಬೀರು ನೀರೆಂದು ಹೇಳುವವರಿದ್ದಾರೆ. ೬೫೦ ಮಿಲಿಲೀಟರಿನ ಒಂದು ಸೀಸೆ ಸ್ಟ್ರಾಂಗ್ ಬೀರಿನಲ್ಲಿ ನೂರಕ್ಕೆ ೮ ಪಾಲಿದ್ದರೆ, ಅದರೊಳಗಿನ ಮದ್ಯಸಾರವು ಸುಮಾರು ೪೦ ಗ್ರಾಮ್. ಇದು ಆ ಪ್ಯಾಕೆಟ್ಟಿಗಿಂತಲೂ ಹೆಚ್ಚು. ಮೈಯಲ್ಲಿ ಸಣ್ಣವರಿಗೂ ಹೆಂಗಸರಿಗೂ ಅದೇ ಅಳತೆಯಿಂದ ಅಮಲು ಹೆಚ್ಚಾಗಿ ಏರುವದು. ಈ ಲೆಕ್ಕವು ಅಂದಾಜಿನದೆಂದು ನೆನಪಿರಲಿ. ೩೦ಕ್ಕೆ ಇಳಿಯುವ ಗಳಿಗೆಯನ್ನು ಎಣಿಸಿ ಹೊರಡುವದಕ್ಕೆ ಇದನ್ನು ಕೊಟ್ಟದ್ದಲ್ಲ. ರಾತ್ರಿ ಕುಡಿದವನು ಬೆಳಿಗ್ಗೆ ಹೊರಡಬಾರದೆಂದು ತಿಳಿಸುವದಕ್ಕೆ ಕೊಟ್ಟದ್ದು.

ಇನ್ನೊಂದು ಸಂಗತಿ ಉಂಟು. ಮದ್ಯದಿಂದ ಬರುವ ನಿದ್ದೆಯು ಮೊದಲು ಭಾರವಾಗಿದ್ದು, ರಾತ್ರಿಯ ಎರಡನೆಯ ಭಾಗದಲ್ಲಿ ಮುರಿದುಮುರಿದು ಹೋಗುವದು. ಆದಕಾರಣ ರಕ್ತವು ತೆರವಾದ ಮೇಲೆಯೂ ತಲೆನೋವು, ಬಾಯಾರಿಕೆ, ತೂಕಡಿಕೆ ಉಳಿದಿರುವವು. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಸುಮಾರು ೪೦ ಕಿಲೋಮೀಟರ್ ನೆಟ್ಟಗಿನ ಹೆದ್ದಾರಿ. ಅಲ್ಲಿ ಒಂದು ಕ್ಷಣ ಕಣ್ಣು ಮುಚ್ಚಿದರೆ ಸಾಕು.

೪. ಪರರ ಪ್ರಾಣ

ನಾನು ಕುಡಿದರೆ ನಾನೇ ಸಾಯುವೆನು, ನಿಮಗೇನು? ಎಂದು ಕೆಲವರು ಕೇಳುವರು. ಇದಕ್ಕೆ ಉತ್ತರವನ್ನು ನಮ್ಮ ರಾಜ್ಯದ ಗಡಿಯಾಚೆ ಕರ್ನೂಲಿನ ಬಳಿಯಲ್ಲಿ ನಡೆದ ದುಃಖಕರವಾದ ಸಂಗತಿಯಿಂದ ಕಲಿಯಬಹುದು. ೨೦೨೫ನೆಯ ಇಸವಿ ಅಕ್ಟೋಬರ್ ೨೪ರ ಬೆಳಗಿನ ಜಾವದಲ್ಲಿ ಮೋಟಾರು ಸೈಕಲ್ಲಿನ ಒಬ್ಬ ಸವಾರನು ಹೆದ್ದಾರಿಯಲ್ಲಿ ಜಾರಿ ಬಿದ್ದು ಸತ್ತನು. ಅವನು ಕುಡಿದಿದ್ದನೆಂದು ಪರೀಕ್ಷೆಯಿಂದ ತಿಳಿದುಬಂತು. ಅವನ ಗಾಡಿಯು ದಾರಿಯ ಮೇಲೆ ಬಿದ್ದಿತ್ತು. ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಅದರ ಮೇಲೆ ಹಾದು, ಅದನ್ನು ಎಳಕೊಂಡು ಹೋಗುವಾಗ ಬೆಂಕಿ ಹತ್ತಿತು. ಮಲಗಿ ನಿದ್ರಿಸುತ್ತಿದ್ದ ಪ್ರಯಾಣಿಕರಲ್ಲಿ ೧೯ ಮಂದಿ ಸುಟ್ಟು ಸತ್ತರು. ಅವರು ಅವನ ಮುಖವನ್ನೂ ನೋಡಿದವರಲ್ಲ. ಅವನು ಸತ್ತ ಮೇಲೆಯೂ ಅವನ ಕುಡಿತವು ಜನರನ್ನು ಕೊಂದಿತು.

ಬೆಳಗಿನ ಅಪಾಯವು ಬರೀ ಲೆಕ್ಕದ ಮಾತಲ್ಲವೆಂಬದಕ್ಕೂ ಸಾಕ್ಷಿ ಉಂಟು. ಬೆಂಗಳೂರಿನ ಸಂಚಾರ ಪೊಲೀಸರು ೨೦೨೪ರಲ್ಲಿ ಬೆಳಗಿನ ಹೊತ್ತು, ಮಕ್ಕಳನ್ನು ಶಾಲೆಗೆ ಕರಕೊಂಡು ಹೋಗುವ ಗಾಡಿಗಳನ್ನು ನಿಲ್ಲಿಸಿ ಚಾಲಕರ ಉಸಿರನ್ನು ಒಂದಕ್ಕಿಂತ ಹೆಚ್ಚು ಸಾರಿ ಪರೀಕ್ಷಿಸಿದರು. ಹಾಗೆ ಪರೀಕ್ಷಿಸಿದಾಗೆಲ್ಲಾ ಮೇರೆ ಮೀರಿದವರು ಸಿಕ್ಕಿದರು. ತಾಯಂದಿರು ಬಾಗಿಲಲ್ಲಿ ನಿಂತು ಕೈಬೀಸಿ ಕಳುಹಿಸಿದ ಮಕ್ಕಳು ಅಂಥವರ ಹಿಂದೆ ಕೂತಿದ್ದರು.

ಹಳೆಯ ಒಡಂಬಡಿಕೆಯಲ್ಲಿ ವಿಮೋಚನಕಾಂಡದ ೨೧ನೆಯ ಅಧ್ಯಾಯದೊಳಗೆ ಹಾಯುವ ಎತ್ತಿನ ನ್ಯಾಯವಿದೆ. ಸಭೆಯವರು ಅದನ್ನು ತೆಗೆದು ಓದಲಿ. ಅದರ ತಾತ್ಪರ್ಯವೇನಂದರೆ, ಸಾಧುವಾಗಿದ್ದ ಎತ್ತು ಒಮ್ಮೆಲೇ ಹಾಯ್ದು ಒಬ್ಬನನ್ನು ಕೊಂದರೆ ಯಜಮಾನನ ಮೇಲೆ ಅಪರಾಧವಿಲ್ಲ. ಆದರೆ ಅದು ಹಾಯುವಂಥಾದ್ದೆಂದು ಮೊದಲೇ ತಿಳಿಸಿದ್ದರೂ ಅವನು ಅದನ್ನು ಕಟ್ಟಿಹಾಕದೆ ಹೋದರೆ, ಸತ್ತವನ ರಕ್ತಕ್ಕೆ ಯಜಮಾನನೂ ಉತ್ತರ ಕೊಡಬೇಕು. ವ್ಯತ್ಯಾಸವೆಲ್ಲಾ ತಿಳಿದಿತ್ತೋ ಇಲ್ಲವೋ ಎಂಬದರಲ್ಲಿದೆ. ಈ ಪಾಠವನ್ನು ಓದುವದಕ್ಕೆ ಮುಂಚೆ, ಬೆಳಿಗ್ಗೆ ಅಮಲು ಉಳಿದಿರುವದೆಂದು ನನಗೆ ತಿಳಿದಿರಲಿಲ್ಲ ಎಂದು ಒಬ್ಬನು ಹೇಳಿಯಾನು. ಇನ್ನು ಮೇಲೆ ಹಾಗೆ ಹೇಳುವದಕ್ಕೆ ಅವನಿಗೂ ನನಗೂ ಬಾಯಿಲ್ಲ.

೫. ದೇಶದ ಕಾನೂನು

೧೯೮೮ರ ಮೋಟಾರು ವಾಹನ ಕಾಯಿದೆಯ ೧೮೫ನೆಯ ಕಲಮಿನ ಪ್ರಕಾರ ೧೦೦ ಮಿಲಿಲೀಟರ್ ರಕ್ತದಲ್ಲಿ ೩೦ ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿರುವಾಗ ಮೋಟಾರು ವಾಹನವನ್ನು ನಡಿಸುವದೂ ನಡಿಸಲು ಯತ್ನಿಸುವದೂ ಅಪರಾಧ. ೨೦೧೯ರ ತಿದ್ದುಪಡಿಯ ಮೇಲೆ ಮೊದಲನೆಯ ಸಾರಿಗೆ ೬ ತಿಂಗಳ ವರೆಗೆ ಸೆರೆ, ಇಲ್ಲವೆ ೧೦,೦೦೦ ರೂಪಾಯಿ ವರೆಗೆ ದಂಡ, ಇಲ್ಲವೆ ಎರಡೂ. ಎರಡನೆಯ ಸಾರಿಗೆ ೨ ವರುಷದ ವರೆಗೆ ಸೆರೆ, ಇಲ್ಲವೆ ೧೫,೦೦೦ ರೂಪಾಯಿ ವರೆಗೆ ದಂಡ, ಇಲ್ಲವೆ ಎರಡೂ. ಟ್ರ್ಯಾಕ್ಟರು ಸಹ ಮೋಟಾರು ವಾಹನವೇ. ಕಾನೂನು, ಯಾವಾಗ ಕುಡಿದೆ ಎಂದು ಕೇಳುವದಿಲ್ಲ. ಈಗ ರಕ್ತದಲ್ಲಿ ಎಷ್ಟಿದೆ ಎಂದು ಕೇಳುವದು. ಉಸಿರು ಪರೀಕ್ಷಿಸುವ ಯಂತ್ರಕ್ಕೆ ರಾತ್ರಿಯ ಮದ್ಯವೂ ಬೆಳಗಿನ ಮದ್ಯವೂ ಒಂದೇ. ಯಾಕಂದರೆ ರಕ್ತದೊಳಗಿನ ಮದ್ಯಸಾರವೇ ಶ್ವಾಸಕೋಶದಲ್ಲಿ ಆವಿಯಾಗಿ ಉಸಿರಿನೊಡನೆ ಬರುವದು. ಏಲಕ್ಕಿ ಅಗಿದರೆ ವಾಸನೆ ಮುಚ್ಚೀತು, ಆವಿ ಮುಚ್ಚದು.

೨೦೦೬ರ ನವೆಂಬರಿನಲ್ಲಿ ಮುಂಬಯಿಯಲ್ಲಿ ಒಬ್ಬನು ಬೆಳಗಿನ ಜಾವ ಕುಡಿದು ಕಾರು ನಡಿಸಿ, ದಾರಿಯ ಬದಿಯಲ್ಲಿ ಮಲಗಿದ್ದ ೭ ಮಂದಿ ಕೂಲಿಕಾರರನ್ನು ಕೊಂದನು. ಸುಪ್ರೀಮ್ ಕೋರ್ಟು ೨೦೧೨ರಲ್ಲಿ ಆ ವ್ಯಾಜ್ಯವನ್ನು ತೀರಿಸುವಾಗ, ಇದು ಬರೀ ಅಜಾಗ್ರತೆಯಲ್ಲ, ಪ್ರಾಣಹಾನಿಯಾದೀತೆಂಬ ತಿಳುವಳಿಕೆಯಿಂದ ಮಾಡಿದ ಕೃತ್ಯವೆಂದು ಎಣಿಸಿ ಶಿಕ್ಷೆಯನ್ನು ಸ್ಥಿರಪಡಿಸಿತು. ಇಲ್ಲಿಯೂ ತೂಗಿ ನೋಡಿದ್ದು ತಿಳುವಳಿಕೆಯನ್ನೇ.

ನಮ್ಮ ರಾಜ್ಯದಲ್ಲಿ ೨೦೦೭ನೆಯ ಇಸವಿ ಜುಲೈ ೧ರಿಂದ ಸಾರಾಯಿಯ ಮಾರಾಟ ನಿಂತಿತು. ೨೦೧೬ರ ಡಿಸೆಂಬರಿನಲ್ಲಿ ಸುಪ್ರೀಮ್ ಕೋರ್ಟು ಮದ್ಯದಂಗಡಿಗಳನ್ನು ಹೆದ್ದಾರಿಯಿಂದ ೫೦೦ ಮೀಟರ್ ದೂರವಿಡಬೇಕೆಂದು ಆಜ್ಞಾಪಿಸಿ, ಮಾರನೆಯ ವರುಷ ಸಣ್ಣ ಊರುಗಳಿಗೂ ಪಟ್ಟಣದೊಳಗಣ ದಾರಿಗಳಿಗೂ ಸಡಿಲಿಕೆ ಕೊಟ್ಟಿತು. ಇವುಗಳಿಂದ ಸ್ವಲ್ಪ ಪ್ರಯೋಜನವಾದೀತು. ಆದರೆ ಅಂಗಡಿಯನ್ನು ದಾರಿಯಿಂದ ದೂರವಿಟ್ಟರೂ, ಕುಡಿದವನು ಅದನ್ನು ತನ್ನ ರಕ್ತದಲ್ಲಿ ಹೊತ್ತು ದಾರಿಗೆ ತರುವನು. ಅವನನ್ನು ತಡೆಯತಕ್ಕವರು ಮನೆಯವರೇ.

೬. ಮಾಡತಕ್ಕದ್ದೇನು?

ಮೊದಲನೆಯದು: ಕುಡಿಯದಿರುವವನಿಗೆ ಈ ಲೆಕ್ಕವೇ ಬೇಡ. ಇದಕ್ಕಿಂತ ಸುಲಭವಾದ ಮಾರ್ಗವಿಲ್ಲ.

ಎರಡನೆಯದು: ಕುಡಿಯುವವನು ಮೊದಲನೆಯ ಗುಟುಕಿಗೆ ಮುಂಚೆಯೇ ಗಾಡಿಯ ಬೀಗದಕೈಯನ್ನು ಹೆಂಡತಿಯ ಇಲ್ಲವೆ ತಾಯಿಯ ಕೈಗೆ ಕೊಡಲಿ, ಮರುದಿನ ಮಧ್ಯಾಹ್ನದ ಊಟದ ತನಕ ಕೇಳದಿರಲಿ. ಹೆಚ್ಚು ಕುಡಿದವನು ಆ ದಿನವೆಲ್ಲಾ ಕೇಳದಿರಲಿ. ತಕ್ಕಡಿ ಸರಿಯಾಗಿರುವಾಗಲೇ ತೂಗಿಬಿಡಬೇಕು.

ಮೂರನೆಯದು: ಬೆಳಿಗ್ಗೆ ಕೆಲಸವಿದ್ದರೆ ಹಿಂದಿನ ರಾತ್ರಿ ಮುಟ್ಟಬಾರದು. ಟ್ರ್ಯಾಕ್ಟರು, ಲಾರಿ, ಶಾಲೆಯ ಗಾಡಿ ನಡಿಸುವವನಿಗೆ ರಾತ್ರಿಯೂ ಕೆಲಸದ ಹೊತ್ತೇ. ಗಾಡಿಯ ಯಜಮಾನನು ಬೆಳಿಗ್ಗೆ ಡೀಸೆಲ್ಲನ್ನು ನೋಡುವ ಹಾಗೆ ಚಾಲಕನನ್ನೂ ನೋಡಿ, ರಾತ್ರಿ ಏನಾಯಿತೆಂದು ಕೇಳಲಿ. ನಿಜ ಹೇಳಿದವನ ಆ ದಿನದ ಕೂಲಿಯನ್ನು ಕಡಿಯದಿರಲಿ. ಕಡಿದರೆ ಮುಂದಿನ ಸಾರಿ ಅವನು ಸುಳ್ಳು ಹೇಳುವನು.

ನಾಲ್ಕನೆಯದು: ಮದುವೆ, ಬೀಗರೂಟ, ಜಾತ್ರೆಗಳಿಗೆ ಕರೆಯುವವರು ರಾತ್ರಿ ಚಾಪೆ ಹಾಸಿ ಉಳಿಸಿಕೊಂಡರೆ ಸಾಲದು. ಬೆಳಿಗ್ಗೆ ಬೇಗನೆ ಎಬ್ಬಿಸಿ ಕಳುಹಿಸದೆ, ಹೊತ್ತು ಏರುವ ತನಕ ಇರಿಸಿಕೊಳ್ಳಬೇಕು, ಇಲ್ಲವೆ ಬಸ್ಸು ಹತ್ತಿಸಬೇಕು.

ಐದನೆಯದು: ದಿನಾಲು ಹೆಚ್ಚಾಗಿ ಕುಡಿಯುವವನ ರಕ್ತವು ತೆರವಾಗುವದಕ್ಕೆ ಹೊತ್ತೇ ಸಿಕ್ಕದೆ ಹೋದೀತು. ಅವನನ್ನು ಬೈದು ಫಲವಿಲ್ಲ. ಬಹುಕಾಲ ಹೆಚ್ಚಾಗಿ ಕುಡಿದವನು ಒಮ್ಮೆಲೇ ಬಿಟ್ಟರೆ ನಡುಕವೂ ಫಿಟ್ಸೂ ಬರುವದುಂಟು. ಆದಕಾರಣ ಅವನನ್ನು ವೈದ್ಯರ ಬಳಿಗೆ ಕರಕೊಂಡು ಹೋಗಿ, ಅವರು ಹೇಳಿದಂತೆ ಬಿಡಿಸಬೇಕು. ೧೪೪೧೬ ಎಂಬ ಸರಕಾರದ ಟೆಲಿ ಮಾನಸ್ ಫೋನಿಗೆ ಕರೆ ಮಾಡಿದರೂ ಸಲಹೆ ಸಿಕ್ಕುವದು.

ಆರನೆಯದು: ದಾರಿಯಲ್ಲಿ ಯಾರಾದರೂ ಬಿದ್ದಿರುವದನ್ನು ಕಂಡರೆ, ಕುಡುಕನೆಂದು ಬಿಟ್ಟು ಹೋಗಬೇಡಿರಿ. ೧೦೮ಕ್ಕೆ ಕರೆ ಮಾಡಿರಿ. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರಿಗೆ ತೊಂದರೆಯಾಗಬಾರದೆಂದು ೨೦೧೯ರ ತಿದ್ದುಪಡಿಯಲ್ಲಿ ರಕ್ಷಣೆ ಉಂಟು.

ಕಡೆಯದಾಗಿ ಆ ತಂದೆಯ ಕಡೆಗೆ ತಿರುಗೋಣ. ಅವನು ಹೆಂಡತಿಯ ಮಾತಿಗೆ ಒಂದು ನಿಮಿಷ ನಿಂತು ಬೆರಳ ಮೇಲೆ ಎಣಿಸಿದ್ದರೆ ಸಾಕಾಗಿತ್ತು. ಹನ್ನೊಂದಕ್ಕೆ ಮುಗಿಸಿದೆನು, ಈಗ ಆರು, ಇನ್ನೂ ಹೊತ್ತಾಗಿಲ್ಲ. ಹಾಗೆ ಎಣಿಸಿ ಗಾಡಿಯಿಂದ ಇಳಿದು, ಮಗಳ ಚೀಲವನ್ನು ತಾನೇ ಹಿಡಿದು, ಬಸ್ಸು ನಿಲ್ಲುವ ಸ್ಥಳದ ವರೆಗೆ ಅವಳ ಸಂಗಡ ನಡೆದು, ಅಪ್ಪನಿಗೆ ಇವತ್ತು ಗಾಡಿ ನಡಿಸುವ ಸ್ಥಿತಿಯಿಲ್ಲ ಮಗಳೇ ಎಂದು ಹೇಳಬಹುದಾಗಿತ್ತು. ಹಾಗೆ ಹೇಳುವದು ನಾಚಿಕೆಯೇ. ಆದರೆ ಆ ನಾಚಿಕೆ ಸಾಯಂಕಾಲ ಅವಳು ಮನೆಗೆ ಬರುವದರೊಳಗೆ ತೀರಿಹೋಗುವದು. ಮತ್ತೊಂದು ಬಗೆಯ ಸಾಯಂಕಾಲವು ಬಂದರೆ, ಅದು ತೀರುವದೇ ಇಲ್ಲ.

ಮನೆಯಲ್ಲಿಯೂ ಸಭೆಯಲ್ಲಿಯೂ ಕೇಳತಕ್ಕ ಪ್ರಶ್ನೆಗಳು

೧. ಕುಡಿದ ಎತ್ತಿನ ಗಾಡಿಯವನಿಗೂ ಕುಡಿದ ಮೋಟಾರು ಸೈಕಲ್ಲಿನವನಿಗೂ ಇರುವ ವ್ಯತ್ಯಾಸವೇನು?
೨. ಸ್ನಾನ, ಕಾಫಿ, ನಿದ್ದೆ ಇವುಗಳಿಂದ ಅಮಲು ಬೇಗ ಇಳಿಯುವದಿಲ್ಲ, ಯಾಕೆ?
೩. ಒಬ್ಬನು ರಾತ್ರಿ ೧೦ ಗಂಟೆಗೆ ೧೮೦ ಮಿಲಿಲೀಟರ್ ಕುಡಿದು ಮುಗಿಸಿದರೆ, ಗಂಟೆಗೆ ೧೫ರಂತೆ ಇಳಿದರೆ ಬೆಳಿಗ್ಗೆ ೫ಕ್ಕೆ ಎಷ್ಟು ಉಳಿಯುವದು? ಗಂಟೆಗೆ ೧೦ರಂತೆ ಇಳಿದರೆ ಎಷ್ಟು?
೪. ಹಾಯುವ ಎತ್ತಿನ ಯಜಮಾನನು ಯಾವಾಗ ಅಪರಾಧಿಯಾಗುವನು?
೫. ನಿಮ್ಮ ಮನೆಯಲ್ಲಿ ಬೀಗದಕೈ ಯಾರ ಬಳಿಯಲ್ಲಿರತಕ್ಕದ್ದು?